ತೋಟ ಪಾಲು ಮಾಡುವ ಮೊದಲು: ನೀರು, ದಾರಿ, ಅಪ್ಪನ ಕೋಣೆ

ಕಾಸರಗೋಡು, ಮಂಜೇಶ್ವರ ಕಡೆ ಅಪ್ಪ ಪಾಲು ಮಾಡುತ್ತಾರೆಂದರೆ ಹೆಚ್ಚಾಗಿ ಎರಡು ಮೂರು ಎಕ್ರೆ ಅಡಿಕೆ ತೋಟ, ಅದರ ಮೇಲೊಂದು ಗುಡ್ಡೆ, ಒಂದಿಷ್ಟು ಗೇರು, ಹಳೇ ಮನೆ, ಅಡಿಕೆ ಒಣಗಿಸುವ ಅಂಗಳ, ಸೊಸೈಟಿಯಲ್ಲಿ ಠೇವಣಿ. ಸೆಂಟ್ಸ್ ಲೆಕ್ಕದಲ್ಲಿ ಜಾಗ ಹಂಚುವುದಕ್ಕೆ ಅರ್ಧ ದಿನ ಸಾಕು. ಹತ್ತು ವರ್ಷ ಕಳೆದು ಅಣ್ಣ ತಮ್ಮ ಮಾತು ಬಿಡುವುದು ಆಧಾರದಲ್ಲಿ (ರಿಜಿಸ್ಟರ್ ಆದ ಪತ್ರದಲ್ಲಿ) ಬರೆಯದೆ ಬಿಟ್ಟ ನೀರಿಗೆ ಮತ್ತು ದಾರಿಗೆ. ಆದ್ದರಿಂದ ಇಲ್ಲಿ ಅವುಗಳ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಅದಕ್ಕೂ ಮೊದಲು ಒಂದು ಪ್ರಶ್ನೆ: ಜಾಗ ಅಪ್ಪನಿಗೆ ಎಲ್ಲಿಂದ ಬಂತು? ಅವರೇ ದುಡ್ಡು ಕೊಟ್ಟು ತೆಗೆದದ್ದಾದರೆ ಯಾರಿಗೆ ಬೇಕಾದರೂ ಬರೆಯಬಹುದು. ಗೇಣಿಯಿಂದ ಬಂದದ್ದಾದರೆ ಲ್ಯಾಂಡ್ ಟ್ರಿಬ್ಯೂನಲ್ಲಿನ ಕ್ರಯ ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ ನೋಡಿ. ಎಷ್ಟೋ ಕಡೆ ಅದು ಅಜ್ಜನ ಹೆಸರಿನಲ್ಲೇ ಇರುತ್ತದೆ, ಆಗ ಅತ್ತೆಯಂದಿರಿಗೂ ಚಿಕ್ಕಪ್ಪಂದಿರಿಗೂ ಪಾಲಿದೆ. ಅಳಿಯಸಂತಾನದ ಕುಟುಂಬಗಳಲ್ಲಿ 1-12-1976 ಮುಖ್ಯ ದಿನ. ಕೇರಳದ ಕೂಡುಕುಟುಂಬ ರದ್ದತಿ ಕಾಯ್ದೆ ಜಾರಿಗೆ ಬಂದದ್ದು ಅಂದು. ಆ ದಿನ ಬದುಕಿದ್ದ ಸದಸ್ಯರೆಲ್ಲರ ಪಾಲು ಬೇರೆ ಬೇರೆಯಾಗಿ ನಿಂತಿತು. ತರವಾಡಿನ (ಕೂಡುಕುಟುಂಬದ) ಜಾಗದಲ್ಲಿ ಅಪ್ಪನದ್ದು ಆ ಒಂದು ಪಾಲು ಮಾತ್ರ. ಇನ್ನು, ಹಿರಿಯರಿಂದ ಬಂದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ 2005ರ ತಿದ್ದುಪಡಿ ಕೇರಳಕ್ಕೂ ಅನ್ವಯಿಸುತ್ತದೆ ಎಂದು ಹೈಕೋರ್ಟ್ 2025ರಲ್ಲಿ ಹೇಳಿದೆ. "ಅಕ್ಕನಿಗೆ ಮದುವೆಗೆ ಕೊಟ್ಟಾಗಿದೆ" ಎಂಬ ಮಾತಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬೆಲೆ ಇಲ್ಲ. ಅಕ್ಕನನ್ನು ಕೂರಿಸಿ, ಕೇಳಿ, ಸಹಿ ಹಾಕಿಸಿ.

1956ರವರೆಗೆ ಈ ನಾಡು ದಕ್ಷಿಣ ಕನ್ನಡದಲ್ಲಿತ್ತು. ಹಾಗಾಗಿ ಹಳೆಯ ಆಧಾರಗಳು ಕನ್ನಡದಲ್ಲಿರುತ್ತವೆ, ಒಳಗೆ ವರ್ಗ (ಪಟ್ಟಾ ಜಾಗ), ಮೂಲಗೇಣಿ (ಶಾಶ್ವತ ಗೇಣಿ), ಕುಮ್ಕಿ (ವರ್ಗಕ್ಕೆ ತಾಗಿದ ಸರಕಾರಿ ಜಾಗ) ಎಂಬ ಮಾತುಗಳಿರುತ್ತವೆ. ಕುಮ್ಕಿಯ ವಿಷಯದಲ್ಲಿ ಎಚ್ಚರ ಬೇಕು. ಅಪ್ಪ ನಲವತ್ತು ವರ್ಷ ಸೊಪ್ಪು ಕಡಿದಿರಬಹುದು, ಗೇರು ನೆಟ್ಟಿರಬಹುದು. ಆದರೂ ಅದು ಸರಕಾರದ ಜಾಗ, ನಮಗಿರುವುದು ಅನುಭವದ ಸೌಕರ್ಯ ಮಾತ್ರ. ಒಬ್ಬ ಮಗನ ಪಾಲಿಗೆ ಒಂದು ಎಕ್ರೆ ವರ್ಗ, ಇನ್ನೊಬ್ಬನಿಗೆ ಒಂದು ಎಕ್ರೆ ಕುಮ್ಕಿ ಹಾಕಿ "ಸಮ ಆಯಿತು" ಅಂದರೆ ಎರಡನೆಯವನಿಗೆ ಸಿಕ್ಕಿದ್ದು ಏನೂ ಇಲ್ಲ. ಅವನು ಅದನ್ನು ಮಾರಲೂ ಆಗದು, ಅಡವಿಟ್ಟು ಸಾಲ ತೆಗೆಯಲೂ ಆಗದು.

ಅಳತೆಯ ಲೆಕ್ಕವೂ ತಪ್ಪುತ್ತದೆ. ಹಳೆಯ ಆಧಾರ ಸೆಂಟ್ಸ್‌ನಲ್ಲಿ, ವಿಲ್ಲೇಜ್ ಆಫೀಸಿನ ತೀರ್ವೆ (ಭೂಕಂದಾಯ) ರಶೀದಿ ಆರ್‌ನಲ್ಲಿ. ಒಂದು ಆರ್ ಅಂದರೆ 2.47 ಸೆಂಟ್ಸ್, 1 ಎಕ್ರೆ 25 ಸೆಂಟ್ಸ್ ಅಂದರೆ 50.59 ಆರ್. ಡಿಜಿಟಲ್ ಸರ್ವೆ ಮುಗಿದ ಗ್ರಾಮದಲ್ಲಿ ಹಳೆಯ ಸರ್ವೆ ನಂಬರು, ಹೊಸ ನಂಬರು ಎರಡನ್ನೂ ಆಧಾರದಲ್ಲಿ ಬರೆಸಿ.

ಕಾಗದ ಮೂರು ಬಗೆ. ಪಾಲುಪತ್ರ ಇರುವುದು ಈಗಾಗಲೇ ಹಕ್ಕಿರುವವರು ಬೇರ್ಪಡುವುದಕ್ಕೆ. ಜಾಗ ಅಪ್ಪನೊಬ್ಬರದ್ದೇ ಆದರೆ ಮಕ್ಕಳಿಗೆ ಇನ್ನೂ ಪಾಲೇ ಹುಟ್ಟಿಲ್ಲ, ಅಲ್ಲಿ ದಾನಪತ್ರ ಅಥವಾ ಧನನಿಶ್ಚಯ (ಸೆಟ್ಲ್‌ಮೆಂಟ್) ಆಧಾರ ಆಗಬೇಕು. ಇದು ರಿಜಿಸ್ಟರ್ ಆಗಲೇಬೇಕು, ಇಬ್ಬರು ಸಾಕ್ಷಿ ಬೇಕು, ಅಪ್ಪ ಬದುಕಿರುವಾಗಲೇ ಮಕ್ಕಳು ಸ್ವೀಕರಿಸಿರಬೇಕು. ಒಮ್ಮೆ ಬರೆದರೆ ಮನಸ್ಸು ಬದಲಾಯಿತೆಂದು ಹಿಂದೆ ತೆಗೆಯಲಾಗದು. ಕುಟುಂಬದೊಳಗಿನ ಆಧಾರಕ್ಕೆ ಮುದ್ರಾಂಕದಲ್ಲಿ ದೊಡ್ಡ ರಿಯಾಯಿತಿ ಇದೆ (ಮಾರಾಟಕ್ಕಾದರೆ ಮುದ್ರಾಂಕ 8 ಶೇಕಡ, ರಿಜಿಸ್ಟ್ರೇಷನ್ 2 ಶೇಕಡ). ಆದರೆ ಆ 'ಕುಟುಂಬ'ದ ಪಟ್ಟಿಯಲ್ಲಿ ಸೊಸೆ, ಅಳಿಯ ಇಲ್ಲ. ಮಗನ ಜೊತೆ ಸೊಸೆಯ ಹೆಸರನ್ನೂ ಸೇರಿಸಹೊರಟವರು ಅಲ್ಲಿ ಎಡವುತ್ತಾರೆ.

ಮೂರನೆಯದು ವೀಲುನಾಮೆ. ಬಿಳಿ ಕಾಗದ ಸಾಕು, ರಿಜಿಸ್ಟರ್ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳು ಅಪ್ಪ ಸಹಿ ಹಾಕುವುದನ್ನು ಕಂಡು ತಾವೂ ಅಪ್ಪನ ಎದುರಿನಲ್ಲಿ ಸಹಿ ಹಾಕಬೇಕು. ನಾಳೆ ತಕರಾರಾದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ, ರಿಜಿಸ್ಟರ್ ಆದ ವೀಲುನಾಮೆಗೂ ಇದೇ ನಿಯಮ. ಅಪ್ಪನ ಓರಗೆಯ ಎಂಬತ್ತರ ಸ್ನೇಹಿತರನ್ನು ಸಾಕ್ಷಿ ಹಾಕಿಸಬೇಡಿ. ನಲವತ್ತರ ಆಸುಪಾಸಿನ, ಊರಲ್ಲೇ ಇರುವ, ಪಾಲು ಪಡೆಯದ ಇಬ್ಬರನ್ನು ಹಿಡಿಯಿರಿ. ಅಪ್ಪನ ಕೈ ನಡುಗುತ್ತಿದ್ದರೆ ಅದೇ ದಿನದ ವೈದ್ಯರ ಸರ್ಟಿಫಿಕೇಟ್ ಇಡಿ, ಪ್ರತಿ ಪುಟಕ್ಕೂ ಸಹಿ ಮಾಡಿಸಿ.

ನನ್ನ ಅಭಿಪ್ರಾಯ ಇಷ್ಟು: ದೂರದ ಜಾಗವನ್ನು ಈಗಲೇ ಬರೆದುಕೊಡಲಿ. ಮನೆ ಮತ್ತು ಮನೆಗೆ ತಾಗಿದ ತೋಟ ವೀಲುನಾಮೆಯಲ್ಲಿರಲಿ. ಎಲ್ಲವನ್ನೂ ಒಂದೇ ಬೆಳಿಗ್ಗೆ ಬರೆದುಕೊಟ್ಟು ಮರುದಿನ ಔಷಧಿಗೆ ಮಗನ ಮುಖ ನೋಡುವ ಸ್ಥಿತಿ ಯಾವ ಅಪ್ಪನಿಗೂ ಬರಬಾರದು. ಮನೆಯನ್ನೂ ಈಗಲೇ ಬರೆಯುವುದಾದರೆ ಎರಡು ವಿಷಯ ಬಿಡಬೇಡಿ. ಒಂದು, ಅಪ್ಪ ಅಮ್ಮ ಇಬ್ಬರಿಗೂ, ಒಬ್ಬರು ಹೋದ ಮೇಲೆ ಉಳಿದವರಿಗೂ, ಕೊನೆಯವರೆಗೆ ಮನೆಯಲ್ಲಿ ವಾಸಿಸುವ ಹಕ್ಕು. ಅಮ್ಮನ ಹೆಸರು ಬಿಟ್ಟುಹೋಗುವುದು ಬಹಳ. ಎರಡು, ಆರೈಕೆಯ ಷರತ್ತು. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟು ಮಗ ನೋಡಿಕೊಳ್ಳದಿದ್ದರೆ ಆರ್‌ಡಿಓ (ಕಂದಾಯ ವಿಭಾಗಾಧಿಕಾರಿ) ಮುಂದಿನ ಟ್ರಿಬ್ಯೂನಲ್ ಆ ಆಧಾರವನ್ನು ಅಸಿಂಧು ಮಾಡಬಹುದು. ಆ ಷರತ್ತು ಆಧಾರದಲ್ಲೇ ಕಾಣಬೇಕು ಎಂದು ಕೇರಳ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಹೇಳಿತು. 2025ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿದೆ ನಿಜ, ಆದರೆ ಒಂದು ಸಾಲು ಬರೆದಿಟ್ಟರೆ ವಾದವೇ ಇಲ್ಲ. "ನನಗೂ ನನ್ನ ಹೆಂಡತಿಗೂ ಜೀವಮಾನಪರ್ಯಂತ ಊಟ, ವಸತಿ, ವೈದ್ಯಕೀಯ ಖರ್ಚು ಸಹಿತ ಆರೈಕೆ ಮಾಡಬೇಕೆಂಬ ಷರತ್ತಿನ ಮೇಲೆ" ಎಂದು ಬರೆಸಿ. "ಪ್ರೀತಿ ವಿಶ್ವಾಸದಿಂದ" ಎಂದಷ್ಟೇ ಬರೆದರೆ ಸಾಲದು.

ಈಗ ನೀರು. ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ಒಂದು ಸರ್ತಿಗೆ ಸುಮಾರು 175 ಲೀಟರ್, ಮಾರ್ಚ್‌ನಿಂದ ಮೇ ವರೆಗೆ ಮೂರರಿಂದ ಐದು ದಿನಕ್ಕೊಮ್ಮೆ, ಎಂಬುದು ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವ ಲೆಕ್ಕ. ಎಕ್ರೆಗೆ 500 ಮರ ಹಿಡಿದರೂ ಒಂದು ಸುತ್ತಿಗೆ 87,500 ಲೀಟರ್ ಬೇಕು. ಮೂರು ಪಾಲಾದ ತೋಟಕ್ಕೆ ಒಂದೇ ಕೆರೆ, ಒಂದೇ ಪಂಪು. ವಾರದ ದಿನ ಹಂಚಿದರೆ ಏಳು ದಿನ ಮೂರಕ್ಕೆ ಹೊಂದುವುದಿಲ್ಲ, ಒಬ್ಬನಿಗೆ ವಾರದಲ್ಲಿ ಮೂರು ದಿನ, ಉಳಿದಿಬ್ಬರಿಗೆ ಎರಡೇ ದಿನ ಬೀಳುತ್ತದೆ. ದಿನದ ಹೆಸರು ಹಿಡಿಯದೆ, ಬೆಳಿಗ್ಗೆ ಆರರಿಂದ ಮರುದಿನ ಆರರವರೆಗೆ ಒಬ್ಬೊಬ್ಬರಿಗೆ ಪಾಳಿ ಎಂದು ಬರೆಯಿರಿ, ಮೂರು ದಿನಕ್ಕೊಮ್ಮೆ ಎಲ್ಲರಿಗೂ ಬರುತ್ತದೆ. ಕರೆಂಟ್ ಹೋದ ದಿನದ ಪಾಳಿ ಏನಾಗಬೇಕು, ಪಂಪಿನ ವೈಂಡಿಂಗ್ ಸುಟ್ಟರೆ ಖರ್ಚು ಯಾವ ಲೆಕ್ಕದಲ್ಲಿ, ಕರೆಂಟ್ ಬಿಲ್ಲು ಯಾರ ಹೆಸರಿಗೆ, ಪೈಪು ಯಾರ ಜಾಗದಡಿ ಹೋಗುತ್ತದೆ, ರಿಪೇರಿಗೆ ಒಳಗೆ ಬರುವ ಹಕ್ಕು ಇದೆಯೇ, ಇವೆಲ್ಲ ಆಧಾರದಲ್ಲೇ ಇರಲಿ.

ಬಾಯಾರು, ಎಣ್ಮಕಜೆ ಕಡೆ ಸುರಂಗದ (ಗುಡ್ಡೆಗೆ ಅಡ್ಡಲಾಗಿ ಕೊರೆದ ನೀರಿನ ಬಿಲದ) ನೀರಿದ್ದರೆ ಇನ್ನೂ ಸೂಕ್ಷ್ಮ. ಸುರಂಗದ ಬಾಯಿ ಕೆಳಗಿನ ತಮ್ಮನ ತೋಟದಲ್ಲಿರುತ್ತದೆ, ಒಡಲು ಮೇಲಿನ ಅಣ್ಣನ ಗುಡ್ಡೆಯೊಳಗೆ ಹೋಗಿರುತ್ತದೆ. ಮುರಕಲ್ಲಿನಲ್ಲಿ ಜಿನುಗುವ ನೀರು ಪಂಪಿಲ್ಲದೆ ಇಳಿದು ಮಣ್ಣಿನ ಟ್ಯಾಂಕಿಗೆ ಬೀಳುತ್ತದೆ. ಅಣ್ಣ ಮೇಲೆ ಬೋರ್‌ವೆಲ್ ಕೊರೆಸಿದರೆ ಅಥವಾ ರಬ್ಬರಿಗೆಂದು ಜೆಸಿಬಿಯಲ್ಲಿ ಗುಡ್ಡೆ ತಟ್ಟು ಮಾಡಿದರೆ ಕೆಳಗೆ ಸುರಂಗ ಬತ್ತುತ್ತದೆ, ಇಲ್ಲವೇ ಕುಸಿಯುತ್ತದೆ. ಸುರಂಗ ಹೋದ ದಿಕ್ಕನ್ನು, ಉದ್ದವನ್ನು ಒಳಗೆ ಅಳೆದು ಸ್ಕೆಚ್‌ನಲ್ಲಿ ಗೆರೆ ಹಾಕಿಸಿ. ಆ ಗೆರೆಯ ಮೇಲೂ ಎರಡು ಬದಿಗೂ ಇಂತಿಷ್ಟು ಮೀಟರ್ ಒಳಗೆ ಬೋರ್‌ವೆಲ್, ಅಗೆತ ಕೂಡದು. ಹೂಳು ತೆಗೆಯಲು ತಮ್ಮನಿಗೆ ಹಕ್ಕಿದೆ, ಎಂದು ಅಣ್ಣನ ಆಧಾರದಲ್ಲೂ ತಮ್ಮನ ಆಧಾರದಲ್ಲೂ ಒಂದೇ ಮಾತಿನಲ್ಲಿ ಬರಲಿ.

ದಾರಿಗೆ "ಮಾಮೂಲು ದಾರಿ" ಎಂದು ಬರೆಯಬೇಡಿ. ನಡೆಯುವ ದಾರಿಯೋ ಪಿಕಪ್ ಹೋಗುವ ದಾರಿಯೋ ಎಂಬ ಜಗಳ ಆ ಒಂದು ಪದದಿಂದಲೇ ಹುಟ್ಟುವುದು. ಅಗಲ 3 ಮೀಟರ್, ಉದ್ದ ಇಷ್ಟು, ಇಂಥ ಸರ್ವೆ ನಂಬರಿನ ಪೂರ್ವ ಅಂಚಿನಲ್ಲಿ, ವಾಹನ ಸಹಿತ ಎಂದು ಬರೆಯಿರಿ. ನಾಗಬನ, ದೈವದ ಗುಡಿ ಯಾರ ಪಾಲಿಗೂ ಹೋಗದೆ ಎಲ್ಲರ ಹೆಸರಿನಲ್ಲಿ ಉಳಿಯಲಿ, ಅಲ್ಲಿಗೆ ದಾರಿಯೂ ವರ್ಷದ ತಂಬಿಲದ (ಪೂಜೆಯ) ಖರ್ಚಿನ ಪಾಲೂ ಬರಹದಲ್ಲಿರಲಿ. ಅಂಗಳವೂ ಹಾಗೆಯೇ. ಚಾಲಿಗೆ (ಒಣಗಿಸಿದ ಹಣ್ಣಡಿಕೆಗೆ) ನಲವತ್ತು ದಿನದ ಬಿಸಿಲು ಬೇಕು, ಮೂವರ ಕೊಯ್ಲೂ ಒಂದೇ ತಿಂಗಳಲ್ಲಿ ಬರುತ್ತದೆ.

ತೋಟವನ್ನು ಸೆಂಟ್ಸ್‌ಗಿಂತ ಮರ ಎಣಿಸಿ ಹಂಚುವುದು ನ್ಯಾಯ. ಫಲ ಕೊಡುವ ಮರ, ಮುದಿ ಮರ, ಹೊಸ ಗಿಡ ಎಂದು ಮೂರು ಬಗೆ ಮಾಡಿ ಬೇರೆ ಬೇರೆ ಎಣಿಸಿ. ಹೊಸ ಗಿಡ ಫಲಕ್ಕೆ ಬರಲು ಐದಾರು ವರ್ಷ ಬೇಕು, ಅಷ್ಟು ಕಾಲ ಗೊಬ್ಬರ, ಕೂಲಿ ಕೈಯಿಂದಲೇ. ಹೊಸ ತೋಟ ಸಿಕ್ಕಿದವನಿಗೆ ಠೇವಣಿಯಲ್ಲಿ ಸ್ವಲ್ಪ ಹೆಚ್ಚು ಕೊಟ್ಟರೆ ಸಮ ಆಗುತ್ತದೆ. ಗದ್ದೆ ಇದ್ದರೆ ತೀರ್ವೆ ರಶೀದಿಯಲ್ಲಿ 'ನಿಲಂ' (ಗದ್ದೆ) ಎಂದಿದೆಯೇ, ಗದ್ದೆಗಳ ಸರಕಾರಿ ಪಟ್ಟಿಯಾದ ಡೇಟಾ ಬ್ಯಾಂಕಿನಲ್ಲಿ ಸೇರಿದೆಯೇ ನೋಡಿ. 2008ರ ಭತ್ತದ ಗದ್ದೆ ಕಾಯ್ದೆಯಿಂದಾಗಿ ಅಲ್ಲಿ ಸುಲಭಕ್ಕೆ ಮನೆ ಕಟ್ಟಲಾಗದು. ಮನೆ ಇಲ್ಲದ ಮಗಳಿಗೆ ಬರೀ ನಿಲಂ ಕೊಟ್ಟರೆ ಅವಳನ್ನು ಆಫೀಸಿನಿಂದ ಆಫೀಸಿಗೆ ಅಲೆಸಿದಂತೆ.

ಸೊಸೈಟಿಯ ಸಾಲ ತೀರಿದ್ದರೂ ಗಹಾನ್ (ಸೊಸೈಟಿಗೆ ಬರೆದುಕೊಟ್ಟ ಅಡವು) ಬಿಡಿಸದೆ ಬಿಟ್ಟಿರುತ್ತಾರೆ. ಆಧಾರಕ್ಕೆ ಮೊದಲು ಇ.ಸಿ. (ಋಣಭಾರ ಸರ್ಟಿಫಿಕೇಟ್) ತೆಗೆದರೆ ತಿಳಿಯುತ್ತದೆ. ಠೇವಣಿಗೆ ನಾಮಿನಿ ಆದವನು ಹಣ ತೆಗೆದುಕೊಳ್ಳುವವನು ಅಷ್ಟೇ, ಹಕ್ಕುದಾರರು ವಾರಸುದಾರರೇ. ವಿಟ್ಲ, ಪುತ್ತೂರು ಕಡೆಯೂ ಜಾಗ ಇದ್ದರೆ ದಾನಪತ್ರ ಎರಡು ಬೇರೆ ಬೇರೆ ಮಾಡಿ, ಅಲ್ಲಿಯದು ಅಲ್ಲಿನ ಸಬ್ ರಿಜಿಸ್ಟ್ರಾರ್ ಮುಂದೆ, ಕರ್ನಾಟಕದ ಮುದ್ರಾಂಕದಲ್ಲಿ. ವೀಲುನಾಮೆ ಮಾತ್ರ ಗಡಿಯ ಎರಡೂ ಬದಿಗೆ ಒಂದೇ ಸಾಕು.

ರಿಜಿಸ್ಟರ್ ಆದ ಮೇಲೆ ಪೋಕ್‌ವರವ್ (ಖಾತೆ ಬದಲಾವಣೆ) ಆಗಬೇಕು. ಜಾಗ ತುಂಡಾಗಿದ್ದರೆ ಸರ್ವೆಯವರು ಬಂದು ಅಳೆಯಬೇಕಾಗುತ್ತದೆ. ಅಪ್ಪ ನಡೆಯಬಲ್ಲ ಕಾಲದಲ್ಲೇ ಅವರನ್ನು ಕರೆದುಕೊಂಡು ಹೋಗಿ, ಅವರ ಎದುರಿನಲ್ಲೇ ಗಡಿಕಲ್ಲು ಹಾಕಿಸಿ. ಆಮೇಲೆ ಒಬ್ಬೊಬ್ಬರೂ ತಮ್ಮ ತಂಡಪ್ಪೇರಿನಲ್ಲಿ (ತೀರ್ವೆಯ ಖಾತೆ ನಂಬರಿನಲ್ಲಿ) ಆ ವರ್ಷದ ತೀರ್ವೆ ಕಟ್ಟಿ ರಶೀದಿಯನ್ನು ಆಧಾರದ ಜೊತೆ ಸೇರಿಸಿಡಿ.