ಶೇಂಗಾ–ಕಡ್ಲೆಕಾಯಿ ಗಡಿ: ಗೆರೆ ಕೊನೆಗೂ ನಿಂತಿತು

ಯಾವ ಊರಲ್ಲಿ ಜನ ಯಾವ ಪದ ಆಡುತ್ತಾರೆ ಅಂತ ಗುರುತಿಸುವ ಪದನಕ್ಷೆಯ ಕೆಲಸ ಮತ್ತೆ ಹಳಿಗೆ ಬಂದಿದೆ. ಹಾಲು–ಆಲು, ಏನು–ಎಂತ ಎಲ್ಲ ಸಲೀಸಾಗಿ ಮುಗಿದಿತ್ತು, ಅದನ್ನು ಮತ್ತೆ ಕೊರೆಯುವುದಿಲ್ಲ. ಪ್ರಾಣ ತಿಂದಿದ್ದು ಕಡ್ಲೆಕಾಯಿ.

ತುದಿಗಳಲ್ಲಿ ತಂಟೆಯಿಲ್ಲ. ಧಾರವಾಡ, ವಿಜಯಪುರದಲ್ಲಿ ಶೇಂಗಾ. ಮರಾಠಿಯಲ್ಲಿ 'ಶೇಂಗ' ಅಂದರೆ ಕಾಯಿ, ಅಲ್ಲಿಂದ ಬಂದದ್ದು. ಮೈಸೂರು, ಮಂಡ್ಯ, ಬೆಂಗಳೂರಲ್ಲಿ ಕಡ್ಲೆಕಾಯಿ. ಕರಾವಳಿಯ ನೆಲಗಡಲೆ ತನ್ನ ಪಾಡಿಗೆ ಘಟ್ಟದ ಕೆಳಗಿದೆ. ರಗಳೆಯೆಲ್ಲ ನಡುವೆ, ದಾವಣಗೆರೆ–ಚಿತ್ರದುರ್ಗ–ಚಳ್ಳಕೆರೆಯಲ್ಲಿ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಸುತ್ತಲೂ ಇದೇ ಬೆಳೆ. ಅಂಥ ಕಡೆ ಒಬ್ಬರ ಬಾಯಲ್ಲೇ ಎರಡೂ ಪದ! ನಕ್ಷೆ ಬಿಡಿಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಗಡಿ ಎಳೆದರೆ ಬರೀ ಗೋಜಲು.

ಮೊದಲು, 'ಇದಕ್ಕೆ ಏನಂತೀರಿ?' ಅಂತ ಜನರಿಗೆ ತೋರಿಸುವ ಚಿತ್ರದ ಕಾರ್ಡಿನ ಮೇಲೆ ಅನುಮಾನ. ಅಚ್ಚು ಹಾಕಿಕೊಟ್ಟ ಅಂಗಡಿಯವನು 'ಕಲರ್ ಪಕ್ಕಾ ಸಾರ್' ಅಂದಿದ್ದ. ಕಾಳು ಎಷ್ಟು ಕಪ್ಪಗೆ ಅಚ್ಚಾಗಿತ್ತು ಅಂದರೆ, ಜನ 'ಹುಣಸೆಬೀಜ' ಅಂದರು. ದುಡ್ಡು ವಾಪಸ್ ಕೇಳಿದರೆ ಫೋನೇ ಎತ್ತಲಿಲ್ಲ. ಸರಿ, ನಿಜವಾದ ಕಾಯಿಯನ್ನೇ ಚೀಲದಲ್ಲಿ ಒಯ್ದೆ. ಉತ್ತರ ಬರುವ ಮೊದಲೇ ಸ್ಯಾಂಪಲ್ ಖಾಲಿ. ಗೋಜಲು ಹಾಗೇ ಉಳಿಯಿತು.

ರೆಕಾರ್ಡಿಂಗ್‌ಗಳನ್ನು ಸುಮ್ನೆ ಹಾಕಿಕೊಂಡು ಕೇಳುತ್ತಿದ್ದಾಗ ಹೊಳೆಯಿತು. ನನ್ನ ಮೈಸೂರು ಮಾತು ಕಿವಿಗೆ ಬಿದ್ದ ಕೂಡಲೇ ಕಡ್ಲೆಕಾಯಿ ಅನ್ನುತ್ತಾರೆ. ಪಕ್ಕದಲ್ಲಿ ಕೂತವರ ಕಡೆ ತಿರುಗಿದರೆ ಶೇಂಗಾ. ಪಾಪ, ನನಗೆ ಅರ್ಥವಾಗಲಿ ಅಂತ!

ಹಾಗಾದರೆ ಪದ ಕೇಳಲೇಬಾರದು. ಚಟ್ನಿ ಕೇಳೋಣ ಅಂದರೆ ಅದೂ ಕೆಟ್ಟಿದೆ. ಶೇಂಗಾ ಚಟ್ನಿಪುಡಿ ಬೆಂಗಳೂರಲ್ಲೂ ಅದೇ ಹೆಸರಲ್ಲಿ ಸಿಗುತ್ತದೆ, ತಿಂಡಿಯ ಜೊತೆ ಹೆಸರೂ ಬಸ್ ಹತ್ತಿದೆ. ಕೆಲಸಕ್ಕೆ ಬಂದದ್ದು ಎಣ್ಣೆ. 'ಒಗ್ಗರಣೆಗೆ ಯಾವ ಎಣ್ಣೆ ಹಾಕ್ತೀರಾ?' ಅಂದರೆ ಸಾಕು, ಎಲ್ಲರ ಗಮನ ರೇಟಿನ ಮೇಲೆ ಹೋಗುತ್ತದೆ, ಬಾಯಿಂದ ಮನೆಮಾತು ಬರುತ್ತದೆ. ಚುಕ್ಕೆಗಳು ಎರಡು ಬಣ್ಣವಾಗಿ ಬೇರೆಯಾದವು.

ಇದರ ಜೊತೆ ಒಂದು ಗಾದೆಯೂ ಬಿಡಿಸಿಕೊಂಡಿತು. 'ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ.' ಚಿಕ್ಕವನಿದ್ದಾಗಿಂದ ನನ್ನ ಕಣ್ಣಿಗೆ ಬರುತ್ತಿದ್ದದ್ದು ಕಡ್ಲೆಕಾಯಿ. ಶೇಂಗಾ ಸೀಮೆಯಲ್ಲಿ ಆ ಗೊಂದಲವೇ ಇಲ್ಲ, ಕಡ್ಲಿ ಅಂದರೆ ಕಡ್ಲಿನೇ. ಅವರದ್ದೇ ಸರಿ ಅನ್ನಿಸುತ್ತದೆ. ಹುರಿದ ಕಡಲೆಗೆ ಗಟ್ಟಿ ಹಲ್ಲು ಬೇಕು, ಬೇಯಿಸಿದ ಕಡ್ಲೆಕಾಯಿ ಬೊಚ್ಚುಬಾಯಿಗೂ ನಡೆಯುತ್ತದೆ. ಅಲ್ಲದೆ ಇದು ದಕ್ಷಿಣ ಅಮೆರಿಕದ ಬೆಳೆ, ಕಡಲೆ ನಮ್ಮಲ್ಲಿ ಅದಕ್ಕಿಂತ ಎಷ್ಟೋ ಹಳೆಯದು. ಕಡಲೆ ಮೊದಲೇ ಇದ್ದದ್ದಕ್ಕೆ ತಾನೇ ಇದು 'ನೆಲ'ಗಡಲೆ ಆದದ್ದು?

ಮುಂದಿನ ನಕ್ಷೆ ಈಗಲೇ ತಲೆ ಹೊಕ್ಕಿದೆ: ಅರಿವೆ. ಧಾರವಾಡದ ಕಡೆ ಅರಿವಿ ದಿನಾ ಒಗೆದು ಒಣಗಿಸುವಂಥದ್ದು. ನಮ್ಮ ಮನೆಯಲ್ಲಿ ಎಲ್ಲವೂ ಬಟ್ಟೆ, ಅರಿವೆ ಬರುವುದು 'ಅಜ್ಜಿಗೆ ಅರಿವೆ ಚಿಂತೆ' ಅನ್ನುವಾಗ ಮಾತ್ರ. ಈ ಗಾದೆಯನ್ನು ಊರೂರಿನ ಅಜ್ಜಿಯರ ಬಾಯಲ್ಲೇ ಹೇಳಿಸಬೇಕು. ಮೊಮ್ಮಗಳ ಚಿಂತೆಯ ಅರ್ಧವನ್ನು ಅವರೇ ಹೇಳಲಿ, ನನಗಂತೂ ಧೈರ್ಯವಿಲ್ಲ.