ಬಾತಿಗೆ ಐದು ರೂಪಾಯಿ

‘ಹಕ್ಕಿ ಎಣಿಸಿದ್ರೆ ನಿಮಗೇನು ಸಿಗುತ್ತೆ?’

ಜನವರಿ ಬಂದರೆ ಸಾಕು, ಈ ಪ್ರಶ್ನೆ ಶುರು. ಆ ತಿಂಗಳು ಏಷ್ಯಾದ ನೀರುಹಕ್ಕಿಗಳ ಗಣತಿ. 1987ರಿಂದ ನಡೆದುಕೊಂಡು ಬಂದಿದೆ. ನಮ್ಮಂಥವರು ಹತ್ತಿರದ ಕೆರೆಗೆ ಹೋಗಿ, ಎಣಿಸಿ, ಲೆಕ್ಕ ಕಳಿಸುತ್ತೇವೆ. ನಾನು ಮೈಸೂರಿನಿಂದ ಹದಿನಾರು ಕೆರೆಗೆ ಹೋಗುತ್ತೇನೆ. ಹದಿನಾರು ಅನ್ನುವುದು ಊರ ಹೆಸರು. ‘ಒಂದೇ ದಿನಕ್ಕೆ ಹದಿನಾರು ಕೆರೇನಾ?’ ಎಂದವರೂ ಇದ್ದಾರೆ.

ಉತ್ತರ: ಏನೂ ಸಿಗಲ್ಲ. ಪೆಟ್ರೋಲ್ ನಮ್ಮದು, ಟೀ ನಮ್ಮದು. ಬೆಳಗ್ಗೆ ಎದ್ದು ಶಟಲ್ ಆಡುವವರನ್ನು ಯಾರಾದರೂ ಹೀಗೆ ಕೇಳ್ತಾರಾ?

ಒಂದು ಮದುವೆ ಊಟದ ಪಂಕ್ತಿಯಲ್ಲಿ ದೂರದ ಮಾವ ಒಬ್ಬರು ಎದುರು ಸಾಲಿನಿಂದಲೇ ಕೂಗಿ ಕೇಳಿದರು. ‘ಅಲ್ಲಪ್ಪಾ, ಆ ಹಕ್ಕಿ ಕೆಲಸಕ್ಕೆ ಎಷ್ಟು ಕೊಡ್ತಾರೆ?’ ಪಾಯಸ ಬಡಿಸುವವನೂ ನಿಂತ. ನನಗೆ ರೇಗಿತ್ತು. ‘ಬಾತಿಗೆ ಐದು ರೂಪಾಯಿ’ ಅಂದುಬಿಟ್ಟೆ. ಅವರು ನಗಲಿಲ್ಲ. ಬಾಯಲ್ಲೇ ಗುಣಿಸಿದರು. ತಿಂಗಳಾದ ಮೇಲೆ ಫೋನ್: ‘ನಮ್ಮ ಹುಡುಗ ಸುಮ್ನೆ ಮನೇಲಿದಾನೆ, ಅವನನ್ನೂ ಸೇರಿಸ್ಕೋ.’

ಎಣಿಸೋದು ಹೇಗೆ ಅಂತ ಮಾತ್ರ ಯಾರೂ ಕೇಳಲ್ಲ. ಕೇಳಿದ್ದರೆ ಪಾಯಸ ಆರಿದರೂ ಹೇಳುತ್ತಿದ್ದೆ.

ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿಸಿಕೊಂಡವು ಈ ಕೆರೆಯಲ್ಲೂ ಕಂಡಿವೆ. ಹಗಲು ದಡದಲ್ಲಿ ಒತ್ತೊತ್ತಾಗಿ ಕೂರುತ್ತವೆ. ಒಂದೊಂದಾಗಿ ಎಣಿಸಲು ಆಗಲ್ಲ. ಮೊದಲು ಹತ್ತು ಎಣಿಸಬೇಕು. ಆ ಹತ್ತು ಹಿಡಿದ ಜಾಗವನ್ನು ಕಣ್ಣಲ್ಲಿ ಅಳತೆ ಮಾಡಿಕೊಂಡು, ಮೊಳದಲ್ಲಿ ಹೂವು ಅಳೆದ ಹಾಗೆ ಗುಂಪಿನ ಉದ್ದಕ್ಕೂ ಅಳೆಯುತ್ತಾ ಹೋಗಬೇಕು. ಮುಕ್ಕಾಲು ಮುಗಿಯುವ ಹೊತ್ತಿಗೆ ನಾಯಿ ಬರುತ್ತದೆ. ಎಲ್ಲ ಏಳುತ್ತವೆ. ಮತ್ತೆ ಒಂದರಿಂದ.

ಹೋದ ಸಲ ನನ್ನ ಲೆಕ್ಕ 410. ಜೊತೆಗಿದ್ದವರದ್ದು 340. ನನ್ನದನ್ನೇ ಬರೆಯೋಣ ಅನ್ನಿಸಿತ್ತು, ಸುಳ್ಳು ಹೇಳಲ್ಲ. ಒಂದು ಜಾತಿಯ ನೀರುಹಕ್ಕಿಗಳಲ್ಲಿ ನೂರಕ್ಕೆ ಒಂದು ಪಾಲು ತಪ್ಪದೆ ಬರುವ ಕೆರೆಗೆ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಕೆರೆ-ಜೌಗುಗಳ ಪಟ್ಟಿ, ಸೇರಲು ಅದೊಂದು ಅರ್ಹತೆ. ಇದೇ ಬಾತುಗಳಿಗೆ ಹೆಸರಾದ ಗದಗ ಕಡೆಯ ಮಾಗಡಿ ಕೆರೆ 2024ರಲ್ಲಿ ಆ ಪಟ್ಟಿಗೆ ಸೇರಿತು. ನಮ್ಮ ಕೆರೆಗೂ ನಾಲ್ಕು ಹಕ್ಕಿ ಜಾಸ್ತಿ ಬರೆಯೋಣ ಅನ್ನುವ ಆಸೆ ಯಾರಿಗಿಲ್ಲ? ಆದರೆ ಇವತ್ತು ಎಪ್ಪತ್ತು ಸೇರಿಸಿದರೆ, ಮುಂದೆ ನಿಜವಾಗಿ ಎಪ್ಪತ್ತು ಕಮ್ಮಿಯಾದಾಗ ಅದು ಹಕ್ಕಿಯ ಲೆಕ್ಕವೋ ನನ್ನ ಲೆಕ್ಕವೋ? ಇನ್ನೊಮ್ಮೆ ಇಬ್ಬರೂ ಎಣಿಸಿದೆವು. 355, 348. ಚಿಕ್ಕದನ್ನು ಬರೆದೆವು.

ಏರಿ ಮೇಲೆ ಕುರಿ ಮೇಯಿಸುವ ಅಜ್ಜ ಅಲ್ಲಿವರೆಗೂ ನೋಡುತ್ತಾ ನಿಂತಿದ್ದರು. ‘ಎಣಿಸಿ ಏನ್ ಮಾಡೀರಿ? ಕಮ್ಮಿ ಆದ್ರೆ ತಂದು ಬುಟ್ಟೀರಾ?’

ಇಷ್ಟು ವರ್ಷದಲ್ಲಿ ನನ್ನನ್ನು ಸುಸ್ತು ಮಾಡಿದ ಪ್ರಶ್ನೆ ಇದೊಂದೇ. ಇಲ್ಲ ಅಜ್ಜ, ಅಂದೆ. ಅವರು ತಲೆಯಾಡಿಸಿ, ‘ದೀಪಾವಳಿ ಆಗಿ ಇಪ್ಪತ್ತು ದಿನಕ್ಕೆ ಬಂದ್ವು ಈ ಸಲ. ಅದನ್ನೂ ಬರ್ಕಳಿ’ ಎಂದರು.

ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಹಿಂದಿನ ಪುಟದಲ್ಲಿ ಬರೆದುಕೊಂಡೆ.

ಮಾವನ ಹುಡುಗನೂ ಬಂದಿದ್ದ, ಹೇಳಲೇಬೇಕು. ಎಣಿಕೆ ಮುಗಿಯುವವರೆಗೂ ಕಾರಿನಲ್ಲಿ ಮಲಗಿದ್ದ.