ಮಣ್ಣಿನ ಗುಮ್ಮಟಕ್ಕೆ ನೇರ ತಾಕುವ ಬಿಸಿಲೆಷ್ಟು? ಮೇ ತಿಂಗಳ ಕೆಲಸ

ಮೇ 2

ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಮೇಲೆಲ್ಲ ಗುಮ್ಮಟ. ಆ ಮೈಯ ಯಾವ ಭಾಗಕ್ಕೆ ಎಷ್ಟು ಬಿಸಿಲು ನಾಟುತ್ತದೆ ಅನ್ನುವ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಬಿಟ್ಟಿಲ್ಲ. ಮೊದಲು ಒಂದು ಚಿಕ್ಕ ಮಾದರಿ. ಎರೆಮಣ್ಣಿನದು ಒಣಗಿ ಬಿರುಕು ಬಿಟ್ಟಿತು. ಜೇಡಿಮಣ್ಣು ತಂದು, ರಟ್ಟಿನ ಅಚ್ಚು ಸುತ್ತ ತಿರುಗಿಸಿ ನಯ ಮಾಡಿದೆ. ಬುಡದ ತ್ರಿಜ್ಯ 12 ಸೆಂ.ಮೀ., ಎತ್ತರ 9. ಸಮೀಕರಣ: ಎಕ್ಸ್²/144 + ವೈ²/144 + ಝಡ್²/81 = 1.

ಮೇ 5

ನೆತ್ತಿಯ ಮೇಲಿನ ಬಿಸಿಲನ್ನು ಚದರ ಮೀಟರಿಗೆ 900 ವ್ಯಾಟ್, ನೇರ ಕೆಳಮುಖ ಎಂದು ಇಟ್ಟುಕೊಂಡೆ. ಲೆಕ್ಕಕ್ಕೆ ಮೈಮೇಲೆ ಆರಿಸಿದ ಬಿಂದು (7.2, 0, 7.2). ಗೋಲದಲ್ಲಿ ಮಾಡಿದ ಹಾಗೆ ಕೇಂದ್ರದಿಂದ ಗೆರೆ ಎಳೆದು ಅದನ್ನೇ ಲಂಬ, ಅಂದರೆ ಮೈಗೆ ಮೂಲೆಮಟ್ಟವಾದ ಗೆರೆ, ಅಂದುಕೊಂಡೆ. ನೇರ ತಾಕುವ ಬಿಸಿಲು 636 ಬಂತು. ಆದರೆ ಊದುಬತ್ತಿ ಕಡ್ಡಿಯನ್ನು ಆ ಗೆರೆಯ ನೇರಕ್ಕೆ ಚುಚ್ಚಿದರೆ ಕಣ್ಣಿಗೇ ವಾಲಿದ ಹಾಗೆ ಕಾಣುತ್ತದೆ. ಚಪ್ಪಟೆ ಗುಮ್ಮಟದಲ್ಲಿ ಲಂಬವು ಕೇಂದ್ರದಿಂದ ಹೊರಡುವುದಿಲ್ಲ, ಮೈಯಿಂದ ಹೊರಡುತ್ತದೆ.

ಹಾಗಾಗಿ ಸಮೀಕರಣದಿಂದ ಗ್ರೇಡಿಯಂಟ್, ಅಂದರೆ ಮೈಗೆ ಲಂಬವಾಗಿ ಹೊರಡುವ ಬಾಣ, ತೆಗೆದೆ: (0.1, 0, 0.178). ಬಿಸಿಲಿನ ಜೊತೆ ಡಾಟ್ ಮಾಡಿದರೆ (ಘಟಕಗಳನ್ನು ಜೋಡಿಜೋಡಿಯಾಗಿ ಗುಣಿಸಿ ಕೂಡಿಸಿದರೆ) 160. ತುದಿಯಲ್ಲಿ ಪೂರ್ತಿ 900 ಬರಬೇಕು, ಬಂದದ್ದು 200. ಒಂದೇ ಸಂಖ್ಯೆಯಿಂದ ಗುಣಿಸಿ ಸರಿಪಡಿಸುವಂತೆಯೂ ಇಲ್ಲ, ಗ್ರೇಡಿಯಂಟಿನ ಉದ್ದ ತುದಿಯಲ್ಲಿ 0.222, ಬುಡದಲ್ಲಿ 0.167. ಪ್ರತಿ ಬಿಂದುವಿನಲ್ಲೂ ಅದರದೇ ಉದ್ದದಿಂದ ಭಾಗಿಸಬೇಕು. ಭಾಗಿಸಿದ ಮೇಲೆ ತುದಿಗೆ 900, ನನ್ನ ಬಿಂದುವಿಗೆ 784. ಚಿಹ್ನೆ ಋಣ: ಲಂಬ ಹೊರಮುಖ, ಬಿಸಿಲು ಒಳಮುಖ.

ಮೇ 9

ಈ ಹೊತ್ತಿಗೆ ನಮ್ಮೂರಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ. ಆಗಸ್ಟ್ ಮೊದಲ ವಾರ ಮತ್ತೊಮ್ಮೆ. ಮಧ್ಯಾಹ್ನ 12:19ರ ಸುಮಾರಿಗೆ ಮಾದರಿಯನ್ನು ಮಾಳಿಗೆ ಮೇಲೆ ಇಟ್ಟೆ. ಅವ್ವ ಮೆಟ್ಟಿಲಲ್ಲೇ ನಿಂತು, "ಏನ್ ಮಾಡ್ಲಕತ್ತಿಪಾ ಇಂಥಾ ಬಿಸಲಾಗ? ತಲಿಗಿ ಟವಲ್ನರ ಹಾಕ್ಕೊ" ಅಂದಳು.

ನಡುವೆ ತೂತು ಮಾಡಿದ ಸಣ್ಣ ರಟ್ಟನ್ನು ಆ ಬಿಂದುವಿನಲ್ಲಿ ಮೈಗೆ ತಾಗಿಸಿ, ಅದಕ್ಕೆ ಮೂಲೆಮಟ್ಟವಾಗಿ 2 ಸೆಂ.ಮೀ. ಕಡ್ಡಿ ನೆಟ್ಟೆ. ತುದಿಯ ಕಡ್ಡಿಗೆ ನೆರಳೇ ಇಲ್ಲ. ಈ ಕಡ್ಡಿಯ ನೆರಳು ಇಳಿಜಾರಿನ ಕಡೆ 1.1 ಸೆಂ.ಮೀ. ಕಡ್ಡಿಯು ಬಿಸಿಲಿನ ಲಂಬ ಘಟಕ, ಅಂದರೆ ಮೈಗೆ ನೇರ ತಾಕುವ ಪಾಲು, ಆದರೆ ನೆರಳು ಮೈಯುದ್ದಕ್ಕೆ ಜಾರುವ ಘಟಕ. ಲೆಕ್ಕದಲ್ಲಿ ಅವು 784 ಮತ್ತು 441, ಅನುಪಾತ 0.56. ಮಣ್ಣಿನ ಮೇಲೂ ಅದೇ! ಎಷ್ಟೋ ಹೊತ್ತು ಆ ನೆರಳನ್ನೇ ನೋಡುತ್ತ ಕೂತೆ.

ಮೇ 11

ಮೈಯನ್ನು ಸಣ್ಣ ತುಂಡು ಮಾಡಿ ಎಲ್ಲದರ ಲಂಬ ಘಟಕವನ್ನು ವಿಸ್ತೀರ್ಣದಿಂದ ಗುಣಿಸಿ ಕೂಡಿಸಿದೆ: 40.7 ವ್ಯಾಟ್. ಬುಡದ ವೃತ್ತವನ್ನು 900ರಿಂದ ಗುಣಿಸಿದರೂ 40.7. ಬುಡದ ಮೂಲಕ ಹಾಯಬೇಕಾದ ಬಿಸಿಲನ್ನೇ ಗುಮ್ಮಟ ಹಿಡಿಯುವುದರಿಂದ ಹೀಗಾಗಲೇಬೇಕು.

ಮುಂದೆ ಬೆಳಗಿನ ಓರೆ ಬಿಸಿಲು. ಆಗ ಪಡುವಣ ಮಗ್ಗುಲಿನ ಕೆಲವು ತುಂಡುಗಳಲ್ಲಿ ಚಿಹ್ನೆ ಧನಕ್ಕೆ ತಿರುಗುತ್ತದೆ, ಅಂದರೆ ಅಲ್ಲಿ ನೆರಳು. ಅವನ್ನು ಸೊನ್ನೆ ಎಂದು ಹಿಡಿಯಬೇಕು. ಪ್ರೋಗ್ರಾಮಿನಲ್ಲಿ ಆ ಸಾಲು ಬರೆದಿದ್ದೇನೆ, ಇನ್ನೂ ಓಡಿಸಿಲ್ಲ.